ಕೀಟ್ಸ್ ಕವಿಯ ಪ್ರಣಯಪತ್ರಗಳು

ಕವಿಯೊಬ್ಬನು ಲೋಕಕ್ಕೆಂದು ಬರೆದುದನ್ನು ಓದುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಒಬ್ಬಳಿಗೆಂದೇ ಬರೆದುದನ್ನು ಓದುವಾಗ ಮಾತ್ರ ಅಪ್ಪಣೆಯ ಪ್ರಶ್ನೆ ಏಳುತ್ತದೆ. ಅದನ್ನು ಕೊಡಬೇಕಾದ ಇಬ್ಬರೂ ಕಾಲವಶರಾದ ಮೇಲೆ ಆ ಪ್ರಶ್ನೆಗೆ ಉತ್ತರ ಹೇಳುವವರಿರುವುದಿಲ್ಲ. ಜಾನ್ ಕೀಟ್ಸನು ಫ್ಯಾನಿ ಬ್ರಾನ್ ಎಂಬ ತರುಣಿಗೆ 1819ರ ಜುಲೈಯಿಂದ 1820ರ ಬೇಸಗೆಯವರೆಗೆ ಬರೆದ ಮೂವತ್ತೇಳು ಕಾಗದಗಳನ್ನು 1878ರಲ್ಲಿ ಹ್ಯಾರಿ ಬಕ್ಸ್‌ಟನ್ ಫೋರ್ಮನ್ ಎಂಬ ವಿದ್ವಾಂಸನು ಅಚ್ಚು ಹಾಕಿಸಿದಾಗ ಕವಿ ತೀರಿಕೊಂಡು ಐವತ್ತೇಳು ವರ್ಷ, ಆಕೆ ತೀರಿಕೊಂಡು ಹನ್ನೆರಡು ವರ್ಷ ಕಳೆದಿದ್ದವು. ಅದಕ್ಕೆ ಮೂವತ್ತು ವರ್ಷ ಹಿಂದೆ, 1848ರಲ್ಲಿ, ಮಾಂಕ್‌ಟನ್ ಮಿಲ್ನ್ಸ್ ಬರೆದ ಮೊದಲ ಜೀವನಚರಿತ್ರೆಯಲ್ಲಿ ಆಕೆಯ ಹೆಸರೇ ಇರಲಿಲ್ಲ. 1833ರಲ್ಲಿ ಲೂಯಿ ಲಿಂಡೊ ಎಂಬವನನ್ನು ಮದುವೆಯಾಗಿ ಮೂವರು ಮಕ್ಕಳ ತಾಯಿಯಾಗಿದ್ದ ಆಕೆ ಆಗಿನ್ನೂ ಬದುಕಿದ್ದಳು. ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಂಡೂ ಇದ್ದಳು. ಅವು ಮಾರುಕಟ್ಟೆಗೆ ಬಂದದ್ದು ಆಕೆಯ ನಂತರ, ಮಗನ ಮೂಲಕ. 1885ರ ಮಾರ್ಚ್ 2ರಂದು ಲಂಡನ್ನಿನಲ್ಲಿ ಅವು ಹರಾಜಾದವು. ಆ ವ್ಯಾಪಾರವನ್ನು ಹಳಿದು ಆಸ್ಕರ್ ವೈಲ್ಡ್ ಒಂದು ಸುನೀತ ಬರೆದನು. ಹಳಿದದ್ದರಿಂದ ವ್ಯಾಪಾರ ನಿಲ್ಲಲಿಲ್ಲ. 2011ರಲ್ಲಿ ಲಂಡನ್ ನಗರಾಡಳಿತವು ಅವುಗಳಲ್ಲಿ ಒಂದನ್ನು, ಕವಿ ಅದನ್ನು ಬರೆದ ಮನೆಯಲ್ಲಿಯೇ ಇಡುವುದಕ್ಕಾಗಿ, 96,000 ಪೌಂಡಿಗೆ ಕೊಂಡಿತು. ಮದುವೆಯಾಗುವಷ್ಟು ಹಣ ಕೈಯಲ್ಲಿಲ್ಲವೆಂಬ ಚಿಂತೆಯಲ್ಲಿದ್ದವನ ಕಾಗದ ಅದು.

ಪುಸ್ತಕ ಹೊರಬಿದ್ದೊಡನೆ ವಿಮರ್ಶಕರು ನ್ಯಾಯಪೀಠ ಹತ್ತಿದರು. ಮ್ಯಾಥ್ಯೂ ಆರ್ನಾಲ್ಡನು 1880ರಲ್ಲಿ ಬರೆದ ಪ್ರಬಂಧದಲ್ಲಿ, ಈ ಕಾಗದಗಳು ಪ್ರಕಟವಾಗಬಾರದಾಗಿತ್ತೆಂದು ಹೇಳಿ, ಇವು ಶಸ್ತ್ರವೈದ್ಯನ ಬಳಿ ಕೆಲಸ ಕಲಿಯುವ ಹುಡುಗನ ಕಾಗದಗಳಂತಿವೆ ಎಂಬ ಅರ್ಥದ ಮಾತನ್ನಾಡಿದನು. ಅದೇ ಪ್ರಬಂಧದಲ್ಲಿಯೇ ಕೀಟ್ಸನನ್ನು ಶೇಕ್ಸ್‌ಪಿಯರನ ಪಕ್ಕದಲ್ಲಿ ಕೂರಿಸಿದ್ದೂ ಅವನೇ. ಒಂದು ಪುಟದಲ್ಲಿ ಅಷ್ಟು ಎತ್ತರಕ್ಕೆ ಏರಿಸಿದವನನ್ನು ಇನ್ನೊಂದು ಪುಟದಲ್ಲಿ ಕಸುಬಿನ ಹೆಸರು ಹಿಡಿದು ಮೂದಲಿಸುವುದು ಆರ್ನಾಲ್ಡನಂಥ ಸಂಸ್ಕಾರವಂತನಿಗೆ ಒಪ್ಪುವ ಕೆಲಸವಲ್ಲ. ಕೀಟ್ಸ್ ಎಡ್ಮಂಟನ್ನಿನಲ್ಲಿ ಥಾಮಸ್ ಹ್ಯಾಮಂಡ್ ಎಂಬ ಶಸ್ತ್ರವೈದ್ಯನ ಕೈಕೆಳಗೆ ದುಡಿದದ್ದೂ ನಿಜ, ಗೈಸ್ ಆಸ್ಪತ್ರೆಯಲ್ಲಿ ಕಲಿತು 1816ರಲ್ಲಿ ಪರೀಕ್ಷೆ ಕಟ್ಟಿ ತೇರ್ಗಡೆಯಾದದ್ದೂ ನಿಜ. ಅದರಲ್ಲಿ ನಾಚುವಂಥದೇನೂ ಇಲ್ಲ. ಆರ್ನಾಲ್ಡನಿಗೆ ನೋವಾದದ್ದು ಕಾಗದಗಳಲ್ಲಿ ಸಂಯಮವಿಲ್ಲವೆಂದು. ಸಂಯಮವನ್ನು ಕೇಳುವುದಕ್ಕೆ ಮೊದಲು ಅವು ಯಾವ ಸ್ಥಿತಿಯಲ್ಲಿ ಬರೆದವು ಎಂದು ನೋಡುವುದು ಓದುಗನ ಕರ್ತವ್ಯವಾಗಿತ್ತು. ಆತ ಅದನ್ನು ಮಾಡಲಿಲ್ಲ.

ಇನ್ನೊಂದು ಬಗೆಯ ಓದುಗರು ಇದಕ್ಕಿಂತ ದೊಡ್ಡ ಅನ್ಯಾಯ ಮಾಡಿದರು. ಕಾಗದಗಳಲ್ಲಿ ಕವಿಯ ಸಂಕಟವಿದೆ, ಸಂಶಯವಿದೆ, ದೂರು ಇದೆ. ಆದ್ದರಿಂದ ಎದುರಿಗಿದ್ದವಳು ಹೃದಯವಿಲ್ಲದವಳು, ಚಪಲೆ, ಅವನ ಆಯುಷ್ಯವನ್ನು ಸವೆಸಿದವಳು ಎಂದು ತೀರ್ಮಾನಿಸಿದರು. ಈ ತೀರ್ಮಾನ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬಾಳಿತು. ಫ್ಯಾನಿ ಕೀಟ್ಸನಿಗೆ ಬರೆದ ಕಾಗದಗಳಲ್ಲಿ ಒಂದೂ ಉಳಿದಿಲ್ಲ. ಅವನ ಕೊನೆಗಾಲದಲ್ಲಿ ರೋಮಿಗೆ ಬಂದವನ್ನು ಒಡೆದು ನೋಡುವ ಧೈರ್ಯ ಅವನಿಗೆ ಇರಲಿಲ್ಲ; ಅವು ಒಡೆಯದೆ ಅವನೊಡನೆಯೇ ಸಮಾಧಿ ಸೇರಿದವು. ವಾದಿಯ ಮಾತಷ್ಟೇ ಕಡತದಲ್ಲಿದ್ದು ಪ್ರತಿವಾದಿಯ ಹೇಳಿಕೆ ಮಣ್ಣುಪಾಲಾಗಿರುವ ಮೊಕದ್ದಮೆಯಲ್ಲಿ ಯಾವ ನ್ಯಾಯಾಧೀಶನೂ ತೀರ್ಪು ಬರೆಯಲಾರ. ವಿಮರ್ಶಕರು ಬರೆದರು. ಇಲ್ಲಿ ಇನ್ನೂ ಒಂದು ವಿಚಿತ್ರವಿದೆ: ವಾದಿಯೆಂದು ಇವರು ನಿಲ್ಲಿಸಿದವನು ದಾವೆ ಹೂಡಿದವನೇ ಅಲ್ಲ.

ಕಾಗದಗಳನ್ನು ಸರಿಯಾಗಿ ಓದಬೇಕಾದರೆ ಮೊದಲು ಅವುಗಳ ತಲೆಯ ಮೇಲಿನ ಊರನ್ನೂ ದಿನವನ್ನೂ ಓದಬೇಕು. ಫೋರ್ಮನ್ನನ ಪುಸ್ತಕದಲ್ಲಿ ಅವು ಮೂರು ಗುಂಪಾಗಿವೆ. ಮೊದಲ ಒಂಬತ್ತು 1819ರಲ್ಲಿ ಷಾಂಕ್ಲಿನ್, ವಿಂಚೆಸ್ಟರ್, ಲಂಡನ್ ಈ ಸ್ಥಳಗಳಿಂದ ಬರೆದವು. ನಡುವಿನ ಇಪ್ಪತ್ತಮೂರು 1820ರ ಆರಂಭದಲ್ಲಿ ಹ್ಯಾಂಪ್‌ಸ್ಟೆಡ್ಡಿನ ವೆಂಟ್‌ವರ್ತ್ ಪ್ಲೇಸ್ ಎಂಬ ಮನೆಯಲ್ಲಿ ಬರೆದವು. ಕೊನೆಯ ಐದು ಅದೇ ವರ್ಷದ ಬೇಸಗೆಯಲ್ಲಿ ಕೆಂಟಿಷ್ ಟೌನಿನಿಂದ ಬಂದವು. ಈ ಎಣಿಕೆಯಲ್ಲಿ ಕಣ್ಣಿಗೆ ಬೀಳದ ಒಂದು ಸಂಗತಿಯಿದೆ. 1819ರ ಏಪ್ರಿಲಿನಲ್ಲಿ ಬ್ರಾನ್ ಕುಟುಂಬವು ವೆಂಟ್‌ವರ್ತ್ ಪ್ಲೇಸಿನ ಅರ್ಧಭಾಗಕ್ಕೆ ಬಾಡಿಗೆಗೆ ಬಂದಿತು. ಇನ್ನರ್ಧದಲ್ಲಿ ಕೀಟ್ಸನು ಗೆಳೆಯ ಚಾರ್ಲ್ಸ್ ಬ್ರೌನನೊಡನೆ ಇದ್ದನು. ಹೊರಗಿನಿಂದ ನೋಡಿದರೆ ಒಂದೇ ಮನೆ, ಒಳಗೆ ಎರಡು. ನೈಟಿಂಗೇಲ್ ಹಕ್ಕಿಯನ್ನು ಕುರಿತ ಪ್ರಗಾಥವೂ ಅದರ ಜೊತೆಯ ಇತರ ಪ್ರಗಾಥಗಳೂ ಹುಟ್ಟಿದ ಆ ವಸಂತದ ತಿಂಗಳುಗಳಿಗೆ ಸೇರಿದ ಪ್ರಣಯಪತ್ರ ಪುಸ್ತಕದಲ್ಲಿ ಒಂದೂ ಇಲ್ಲ. ಗೋಡೆಯಾಚೆ ಇರುವವಳಿಗೆ ಅಂಚೆಯ ಹಂಗೇಕೆ? ಆ ಪ್ರೇಮದ ನೆಮ್ಮದಿಯ ದಿನಗಳು ಕಾಗದಕ್ಕೆ ಇಳಿಯಲೇ ಇಲ್ಲ. ಕಾಗದಗಳು ಹುಟ್ಟಿದ್ದು ಆ ದಿನಗಳು ಮುಗಿದ ಮೇಲೆ. ಇವುಗಳಿಂದ ಇಡೀ ಪ್ರೇಮವನ್ನು ಅಳೆಯಹೊರಟವನು ಬರಗಾಲದ ವರ್ಷಗಳ ಪಹಣಿ ನೋಡಿ ಹೊಲದ ಗುಣ ಹೇಳಿದಂತೆ.

ನಮ್ಮ ಲಾಕ್ಷಣಿಕರು ವಿಪ್ರಲಂಭವನ್ನು ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಆ ಕಣ್ಣಿನಿಂದ ನೋಡಿದರೆ ಮೊದಲ ಒಂಬತ್ತು ಕಾಗದಗಳು ಪ್ರವಾಸಕ್ಕೆ ಸೇರುತ್ತವೆ, ಕೊನೆಯ ಐದು ಮಾನಕ್ಕೆ. ಆದರೆ ಈರ್ಷ್ಯೆಯಿಂದ ಹುಟ್ಟುವ ಮಾನವನ್ನು ಸಾಹಿತ್ಯದರ್ಪಣಕಾರನು ಸ್ತ್ರೀಯರಿಗೆ ಮೀಸಲಿಟ್ಟಿದ್ದಾನೆ. ಇಲ್ಲಿ ಅದು ನಾಯಕನ ಪಾಲಿಗೆ ಬಂದಿದೆ. ನಡುವಿನ ಇಪ್ಪತ್ತಮೂರಕ್ಕಂತೂ ಯಾವ ಲಕ್ಷಣಗ್ರಂಥದಲ್ಲಿಯೂ ಹೆಸರಿಲ್ಲ. ಒಂದು ಗೋಡೆಯ ದಪ್ಪದಷ್ಟೇ ದೂರದ ವಿರಹ ಅದು.

ಮೊದಲ ಗುಂಪಿನ ಹಿನ್ನೆಲೆಯಲ್ಲಿರುವುದು ಹಣ. ಜೀವನಚರಿತ್ರಕಾರರು ಇದನ್ನು ಬೇಗ ದಾಟಿಹೋಗುತ್ತಾರೆ; ದಾಟಬಾರದು. ಕೀಟ್ಸನಿಗೂ ಅವನ ಒಡಹುಟ್ಟಿದವರಿಗೂ ಅಜ್ಜ ಅಜ್ಜಿಯರ ಆಸ್ತಿಯಲ್ಲಿ ಪಾಲಿತ್ತು. ಅದರ ಒಂದು ಭಾಗ ರಿಚರ್ಡ್ ಆ್ಯಬಿ ಎಂಬ ಚಹಾ ವ್ಯಾಪಾರಿಯ ಪೋಷಕತ್ವದಲ್ಲಿತ್ತು, ಇನ್ನೊಂದು ಭಾಗ ಚಾನ್ಸರಿ ನ್ಯಾಯಾಲಯದ ವಶದಲ್ಲಿತ್ತು. ಎರಡನೆಯದು ತನಗೆ ಸಲ್ಲಬೇಕೆಂಬುದು ಕವಿಗೆ ಸಾಯುವವರೆಗೂ ತಿಳಿಯಲಿಲ್ಲ. ರಾಬರ್ಟ್ ಗಿಟಿಂಗ್ಸ್ 1964ರಲ್ಲಿ ಈ ಲೆಕ್ಕಗಳನ್ನೆಲ್ಲ ಬಿಡಿಸಿ ಒಂದು ಪುಸ್ತಕವನ್ನೇ ಬರೆದನು. ಕೀಟ್ಸನ ಮೇಲಿನ ಎಷ್ಟೋ ರಸವಿಮರ್ಶೆಗಳಿಗಿಂತ ಆ ಒಣ ಪುಸ್ತಕ ಹೆಚ್ಚು ಕರುಣಾಜನಕವಾಗಿದೆ. 1819ರ ಜೂನಿನಲ್ಲಿ ಸೋದರಮಾವನ ವಿಧವೆಯು ದಾವೆ ಹೂಡುವ ಸುದ್ದಿ ಬಂದು ಆ್ಯಬಿ ಹಣ ಕೊಡುವುದನ್ನು ನಿಲ್ಲಿಸಿದನು. ಅದಕ್ಕೆ ಸ್ವಲ್ಪ ಮೊದಲೇ, ಇಂಡಿಯಾಕ್ಕೆ ಹೋಗುವ ವ್ಯಾಪಾರದ ಹಡಗಿನಲ್ಲಿ ವೈದ್ಯನಾಗಿ ಸೇರುವ ಆಲೋಚನೆಯನ್ನೂ ಕವಿ ಮಾಡಿದ್ದನು. ಸೇರಿದ್ದರೆ ನಮ್ಮ ದೇಶದ ಯಾವುದಾದರೊಂದು ಬಂದರಿನ ಇತಿಹಾಸದಲ್ಲಿ ಅವನ ಹೆಸರು ಒಂದು ಅಡಿಟಿಪ್ಪಣಿಯಾಗಿ ನಿಲ್ಲುತ್ತಿತ್ತೇನೋ. ಅವನು ಸೇರಲಿಲ್ಲ. ಬದಲಾಗಿ, ಬರವಣಿಗೆಯಿಂದಲೇ ಹಣ ಗಳಿಸುತ್ತೇನೆಂಬ ಹಟದಿಂದ ವೈಟ್ ದ್ವೀಪದ ಷಾಂಕ್ಲಿನ್ನಿಗೆ ಹೋಗಿ, ಬ್ರೌನನೊಡನೆ ರಂಗಭೂಮಿಗಾಗಿ ಒಂದು ದುರಂತನಾಟಕ ಬರೆಯಲು ಕುಳಿತನು. ಕಾಗದಗಳು ಶುರುವಾಗುವುದು ಅಲ್ಲಿಂದ. ಫ್ಯಾನಿಯನ್ನು ಬಿಟ್ಟುಹೋದದ್ದು ಫ್ಯಾನಿಯನ್ನು ಮದುವೆಯಾಗುವ ಯೋಗ್ಯತೆ ಸಂಪಾದಿಸುವುದಕ್ಕೆ. ಊರು ಬಿಟ್ಟು ದೂರದ ನಗರಗಳಲ್ಲಿ ದುಡಿಯುವವರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಳಿದಿರುವ ಮೊದಲ ಕಾಗದ 1819ರ ಜುಲೈ 1ರದು. ಅದು ಆರಂಭವಾಗುವುದೇ ಕಳುಹಿಸದ ಇನ್ನೊಂದು ಕಾಗದದ ಪ್ರಸ್ತಾಪದಿಂದ. ಎರಡು ದಿನ ಹಿಂದೆ ರಾತ್ರಿ ಬರೆದುದು ರೂಸೋವಿನ ಪ್ರೇಮಕಾದಂಬರಿಯಲ್ಲಿನ ಪತ್ರಗಳನ್ನು ಬಹಳ ಹೋಲುತ್ತಿತ್ತು, ಅದನ್ನು ಕಳುಹಿಸಲು ಅವಕಾಶ ಸಿಗದೆಹೋದದ್ದೇ ಒಳ್ಳೆಯದಾಯಿತು ಎಂದು ಕವಿ ತಿಳಿಸುತ್ತಾನೆ. ಇಂಥ ಕಾಗದ ಬರೆಯಲು ಬೆಳಗಿನ ಹೊತ್ತೇ ಸರಿ, ರಾತ್ರಿ ಒಂಟಿ ಕೋಣೆಯಲ್ಲಿ ಮನಸ್ಸು ಹಿಡಿತ ತಪ್ಪುತ್ತದೆ ಎನ್ನುತ್ತಾನೆ. ಆರ್ನಾಲ್ಡ್ ಕೇಳಿದ ಸಂಯಮ ಇದಲ್ಲವೆ? ಪ್ರಣಯಪತ್ರವೆಂಬ ಪ್ರಕಾರದಲ್ಲಿ ಅಡಗಿರುವ ಸುಳ್ಳನ್ನು, ಪುಸ್ತಕದಲ್ಲಿ ಓದಿದ ಪ್ರೇಮವನ್ನು ತನ್ನದೆಂದು ಬರೆಯುವ ಚಪಲವನ್ನು, ಆ ಇಪ್ಪತ್ತಮೂರರ ತರುಣ ತಾನೇ ಗುರುತಿಸಿ ಹಿಂದೆಗೆದನು. ಆಗಸ್ಟ್ 16ರಂದು ವಿಂಚೆಸ್ಟರಿನಿಂದ ಬರೆದ ಕಾಗದವಂತೂ ಪ್ರಣಯಪತ್ರವೆಂಬ ಹೆಸರಿಗೇ ಒಗ್ಗದು. ನಾಟಕದ ಕೆಲಸದಲ್ಲಿ ಮುಳುಗಿದ್ದೇನೆ, ಮನಸ್ಸು ಗಡುಸಾಗಿದೆ, ಈಗ ನಯವಾದ ಮಾತು ಬಾರದು ಎಂದು ನೇರವಾಗಿ ತಿಳಿಸುವ ಆ ಕಾಗದದ ವಾಕ್ಯಗಳು ಸುತ್ತಿಗೆಯ ಏಟಿನಂತೆ ಬೀಳುತ್ತವೆ. ಹಾಗೆ ಬೀಳುತ್ತಿವೆಯೆಂಬುದನ್ನು ಬರೆಯುತ್ತಿರುವವನೇ ಬಲ್ಲನು. ಓದಿದ ಫ್ಯಾನಿಗೆ ಅಂದು ಹೇಗಾಗಿರಬೇಕು! ಇಡೀ ಸಂಗ್ರಹದಲ್ಲಿ ಅತ್ಯಂತ ಪ್ರಾಮಾಣಿಕವಾದ ಕಾಗದ ಇದೇ.

ಸೆಪ್ಟೆಂಬರ್ 13ರ ಕಾಗದ ಇನ್ನೂ ವಿಚಿತ್ರವಾದುದು. ಅಮೆರಿಕಕ್ಕೆ ಹೋಗಿದ್ದ ತಮ್ಮ ಜಾರ್ಜ್ ಹಣ ಕಳೆದುಕೊಂಡ ಸುದ್ದಿ ಬಂದುದರಿಂದ ಆ್ಯಬಿಯನ್ನು ಕಾಣಲು ಕೀಟ್ಸ್ ಲಂಡನ್ನಿಗೆ ಧಾವಿಸಿದ್ದನು. ಹ್ಯಾಂಪ್‌ಸ್ಟೆಡ್ ಕೂಗಳತೆಯ ದೂರದಲ್ಲಿದ್ದರೂ ಅಲ್ಲಿಗೆ ಹೋಗಲಿಲ್ಲ. ಹೋದರೆ ಬೆಂಕಿಗೆ ಕಾಲಿಟ್ಟಂತೆ, ಮತ್ತೆ ಕೆಲಸಕ್ಕೆ ಮರಳಲಾರೆ ಎಂಬ ಭಯದಿಂದ ನಗರದಲ್ಲಿಯೇ ಕುಳಿತು ಕಾಗದ ಬರೆದು, ವಿಂಚೆಸ್ಟರಿಗೆ ಹಿಂತಿರುಗಿದನು. ಸೆಪ್ಟೆಂಬರ್ 19ರಂದು, ಅಂದರೆ ಆರು ದಿನಗಳ ತರುವಾಯ, ಊರಾಚೆಯ ಬಯಲಿನಲ್ಲಿ ನಡೆದಾಡಿ ಬಂದು ಶರತ್ಕಾಲವನ್ನು ಕುರಿತ ಪ್ರಗಾಥವನ್ನು ರಚಿಸಿದನು. ಅದರಲ್ಲಿ ಬೆಂಕಿಯಿಲ್ಲ, ಭಯವಿಲ್ಲ, ಆ್ಯಬಿಯಿಲ್ಲ, ಫ್ಯಾನಿಯೂ ಇಲ್ಲ. ಮಾಗಿದ ಫಲ, ಕೊಯ್ಲು ಮುಗಿದ ಹೊಲ, ಸಂಜೆಯ ದನಿಗಳು ಇವೆ. ಆ ಕಾಗದವನ್ನೂ ಈ ಕವನವನ್ನೂ ಒಂದಾದಮೇಲೊಂದು ಓದಿದವನಿಗೆ, ಕಾಗದಗಳು ಕವನಗಳಿಗೆ ವ್ಯಾಖ್ಯಾನವೆಂದು ತಿಳಿಯುವುದು ಎಂಥ ತಪ್ಪೆಂಬುದು ತಾನಾಗಿ ಹೊಳೆಯುತ್ತದೆ.

ಈ ಅಂತರಕ್ಕೆ ಕಾರಣವನ್ನು ನಮ್ಮ ಕಾವ್ಯಮೀಮಾಂಸೆ ಚೆನ್ನಾಗಿ ಬಲ್ಲದು. ಭಟ್ಟನಾಯಕನು ಹೇಳಿದ ಸಾಧಾರಣೀಕರಣ ನಡೆಯಬೇಕಾದರೆ ಭಾವವು ಇಂಥವನದು, ಇಂಥವಳಿಗೆ ಸಂಬಂಧಿಸಿದ್ದು ಎಂಬ ಗಂಟು ಬಿಚ್ಚಿಕೊಳ್ಳಬೇಕು. ಕಾಗದಕ್ಕೆ ಆ ಗಂಟೇ ಪ್ರಾಣ. ಮೇಲ್ವಿಳಾಸ ಅಳಿಸಿದರೆ ಅದು ಕಾಗದವಾಗಿ ಉಳಿಯದು. ಇದಕ್ಕೆ ಕೀಟ್ಸನ ಬರಹದಲ್ಲಿಯೇ ಪುರಾವೆಯಿದೆ. ಫ್ಯಾನಿಯ ಹೆಸರಿಟ್ಟು ಬರೆದ ಪ್ರಗಾಥ, ಅವಳಿಗಾಗಿ ಬರೆದ ಒಂದೆರಡು ಸುನೀತಗಳು ಕಾಗದಗಳಿಗೆ ತೀರ ಹತ್ತಿರದವು. ಅವನ ಪ್ರೌಢರಚನೆಗಳಲ್ಲಿ ಅವೇ ದುರ್ಬಲವಾದವು. ಇದಕ್ಕೊಂದು ಮುಖ್ಯ ಅಪವಾದವೆಂದರೆ ಅಚಲವಾದ ನಕ್ಷತ್ರವನ್ನು ಕುರಿತ ಸುನೀತ. 1819ರ ಜುಲೈ 25ರ ರಾತ್ರಿ ಬರೆದ ಕಾಗದದ ಕೊನೆಯಲ್ಲಿ ಕವಿ ಫ್ಯಾನಿಯನ್ನು ಶುಕ್ರತಾರೆಯೆಂದು ಭಾವಿಸಿ ಪ್ರಾರ್ಥಿಸುವ ಮಾತು ಬರುತ್ತದೆ. ಸುನೀತದಲ್ಲಿ ನಕ್ಷತ್ರವು ಪ್ರೇಯಸಿಯಲ್ಲ, ಪ್ರೇಮಿ ತಾನು ಪಡೆಯಲು ಬಯಸುವ ನಿಶ್ಚಲತೆಯ ಪ್ರತಿಮೆ. ಕಾಗದದಿಂದ ಸುನೀತಕ್ಕೆ ಇರುವ ಹಾದಿ ಇಷ್ಟು. ಇದು ಚಿಕ್ಕ ಹಾದಿಯಲ್ಲ.

1820ರ ಫೆಬ್ರವರಿ 3ರ ರಾತ್ರಿ ಎಲ್ಲ ಬದಲಾಯಿತು. ಚಳಿಯಲ್ಲಿ ಗಾಡಿಯ ಮೇಲುಗಡೆ ಕುಳಿತು ಲಂಡನ್ನಿನಿಂದ ಬಂದ ಕೀಟ್ಸ್ ಮಲಗುವಾಗ ಕೆಮ್ಮಿ, ಹಾಸಿಗೆಯ ಮೇಲೆ ಬಿದ್ದ ರಕ್ತದ ಹನಿಯನ್ನು ನೋಡಲು ಮೋಂಬತ್ತಿ ತರಿಸಿದನು. ಅದರ ಬಣ್ಣ ಕಂಡೊಡನೆ ಅದು ತನ್ನ ಮರಣಪತ್ರವೆಂದು ಅರಿತನು. ಆರ್ನಾಲ್ಡ್ ಮೂದಲಿಸಿದ ವೈದ್ಯವಿದ್ಯೆ ಅಂದು ಕವಿಗೆ ಒದಗಿದ್ದು ಹೀಗೆ. ತಮ್ಮ ಟಾಮ್ 1818ರ ಡಿಸೆಂಬರ್ 1ರಂದು ಅದೇ ಕ್ಷಯದಿಂದ ಸಾಯುವವರೆಗೆ ಆರೈಕೆ ಮಾಡಿದ್ದವನಿಗೆ ಮುಂದಿನದೆಲ್ಲ ಗೊತ್ತಿತ್ತು. ಉದ್ವೇಗ ಕೂಡದೆಂದು ವೈದ್ಯರ ಕಟ್ಟಪ್ಪಣೆಯಾಯಿತು. ಪಕ್ಕದ ಮನೆಯಲ್ಲಿದ್ದ ಫ್ಯಾನಿಯ ಭೇಟಿಗೆ ಮಿತಿ ಬಿತ್ತು. ಆಗ ಹುಟ್ಟಿದವು ಆ ಇಪ್ಪತ್ತಮೂರು ಚೀಟಿಗಳು. ಕೆಲವು ನಾಲ್ಕಾರು ಸಾಲಿನವು. ಅವುಗಳಲ್ಲಿ ಕಾವ್ಯವಿಲ್ಲ, ವಾದವಿಲ್ಲ. ಕಿಟಕಿಯಿಂದ ಕಂಡದ್ದು, ಇಂದು ಎಷ್ಟು ಹೊತ್ತು ಬರಬಹುದು, ಚಳಿಯಲ್ಲಿ ಹೊರಗೆ ಹೋಗಬೇಡ, ದಿಂಬಿನ ಕೆಳಗೆ ಇಟ್ಟುಕೊಳ್ಳಲು ರಾತ್ರಿಯ ವಂದನೆಯ ಎರಡು ಮಾತು ಬರೆದು ಕಳುಹಿಸು ಎಂಬಂಥ ಮಾತುಗಳು. ವಿದ್ವಾಂಸರು ಈ ಗುಂಪನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುವುದು ವಾಡಿಕೆ. ಸಂಗ್ರಹದ ತಿರುಳಿರುವುದು ಇಲ್ಲಿಯೇ. ವಿವಾಹದ ಮಾತಿನಿಂದ ಅವಳನ್ನು ಬಿಡುಗಡೆ ಮಾಡಲು ಕವಿ ಸಿದ್ಧನಾದದ್ದೂ ಈ ದಿನಗಳಲ್ಲಿ. ಆಕೆ ಒಪ್ಪಲಿಲ್ಲವೆಂಬುದು ಅವನ ಚೀಟಿಗಳಿಂದಲೇ ತಿಳಿಯುತ್ತದೆ. ಹತ್ತೊಂಬತ್ತರ ಹುಡುಗಿ, ತಂದೆಯಿಲ್ಲದವಳು, ಗಂಡಾಗುವವನ ರೋಗದ ಹೆಸರನ್ನು ಬಲ್ಲವಳು. ಚಪಲೆಯೆಂಬ ಆರೋಪಕ್ಕೆ ಇದಕ್ಕಿಂತ ಬಲವಾದ ಉತ್ತರ ಬೇಕಿತ್ತೆ? ಆರೋಪ ಹೊರಿಸಿದವರ ಕೈಯಲ್ಲಿದ್ದ ಪುಸ್ತಕದಲ್ಲಿಯೇ ಇದು ಇತ್ತು.

ಕೊನೆಯ ಐದು ಕಾಗದಗಳನ್ನು ಓದುವುದು ಕಷ್ಟ. ಬೇಸಗೆಯಲ್ಲಿ ಬ್ರೌನ್ ತನ್ನ ಮನೆಯನ್ನು ಬಾಡಿಗೆಗೆ ಕೊಟ್ಟು ಪ್ರವಾಸ ಹೋದುದರಿಂದ ರೋಗಿಯಾದ ಕೀಟ್ಸ್ ಕೆಂಟಿಷ್ ಟೌನಿನಲ್ಲಿ ಮೊದಲು ಒಂಟಿಯಾಗಿ, ಅನಂತರ ಲೀ ಹಂಟನ ಗದ್ದಲದ ಮನೆಯಲ್ಲಿ ದಿನ ಕಳೆಯಬೇಕಾಯಿತು. ಇಲ್ಲಿ ಸಂಶಯ ಹೆಡೆಯೆತ್ತುತ್ತದೆ. ಗೆಳೆಯ ಬ್ರೌನನೊಡನೆ ಅವಳು ನಕ್ಕು ಮಾತಾಡಿದ್ದು, ತಾನಿಲ್ಲದೆ ಅವಳು ಸಂತೋಷವಾಗಿರಬಹುದೆಂಬ ಕಲ್ಪನೆ, ಎಲ್ಲವೂ ವಿಷವಾಗುತ್ತವೆ. ಹ್ಯಾಮ್ಲೆಟ್ ಒಫೀಲಿಯಾಳನ್ನು ಗದರಿಸಿದ ಸನ್ನಿವೇಶವನ್ನು ಕವಿ ತನ್ನದಾಗಿಸಿಕೊಳ್ಳುತ್ತಾನೆ. ವಿಮರ್ಶೆಯ ನಿಜವಾದ ಪ್ರಶ್ನೆ ಇಲ್ಲಿದೆ. 1817ರ ಡಿಸೆಂಬರಿನಲ್ಲಿ ತಮ್ಮಂದಿರಿಗೆ ಬರೆದ ಕಾಗದದಲ್ಲಿ ಇದೇ ಕವಿ, ಸಂಶಯಗಳ ನಡುವೆ, ರಹಸ್ಯಗಳ ನಡುವೆ, ನಿರ್ಣಯಕ್ಕಾಗಿ ತಡಕಾಡದೆ ನೆಲೆ ನಿಲ್ಲಬಲ್ಲ ಶಕ್ತಿಯೇ ಮಹಾಕವಿಯ ಗುಣವೆಂದು ನಿರೂಪಿಸಿ, ಅದಕ್ಕೆ ನೆಗೆಟಿವ್ ಕೇಪಬಿಲಿಟಿ ಎಂದು ಹೆಸರಿಟ್ಟಿದ್ದನು. 1818ರ ಅಕ್ಟೋಬರಿನಲ್ಲಿ ವುಡ್‌ಹೌಸ್ ಎಂಬ ಮಿತ್ರನಿಗೆ ಬರೆಯುತ್ತ, ಕವಿಗೆ ತನ್ನದೆಂಬ ವ್ಯಕ್ತಿತ್ವವೇ ಇಲ್ಲವೆಂದಿದ್ದನು. ಕೆಂಟಿಷ್ ಟೌನಿನ ಕಾಗದಗಳಲ್ಲಿರುವವನು ಒಂದು ಗಳಿಗೆಯ ಅನಿಶ್ಚಯವನ್ನೂ ತಾಳಲಾರ; ಅವನಿಗೆ ತಾನು, ತನ್ನದು ಎಂಬುದರ ಹೊರತು ಬೇರೇನೂ ಕಾಣದು. ಇದನ್ನು ಕೆಲವರು ಕವಿಯ ಸಿದ್ಧಾಂತಕ್ಕೂ ಬಾಳಿಗೂ ಇರುವ ವಿರೋಧವೆಂದು ಎತ್ತಿ ತೋರಿಸುತ್ತಾರೆ. ಆ ಮಾತು ಅರ್ಧಸತ್ಯ. ಸಿದ್ಧಾಂತವಿದ್ದದ್ದು ಕಾವ್ಯಸೃಷ್ಟಿಯ ಕ್ಷಣವನ್ನು ಕುರಿತು. ನಾಟಕ ಬರೆಯುವವನು ಇಯಾಗೋ ಆಗಬಲ್ಲ, ಗುಬ್ಬಚ್ಚಿಯೂ ಆಗಬಲ್ಲ. ಶ್ವಾಸಕೋಶ ಕರಗುತ್ತಿರುವ ರೋಗಿ ಪಥ್ಯದ ಹಸಿವಿನಲ್ಲಿ ಇನ್ನೊಬ್ಬರಾಗಲಾರ. ಆ ತಿಂಗಳುಗಳಲ್ಲಿ ಹೊಸ ಕಾವ್ಯವೂ ಹುಟ್ಟಲಿಲ್ಲವೆಂಬುದನ್ನು ಇದರೊಡನೆ ಇಟ್ಟು ನೋಡಬೇಕು. ಕಾಗದಗಳು ತೋರಿಸುವುದು ಸಿದ್ಧಾಂತದ ಸೋಲನ್ನಲ್ಲ, ಅದು ಬಾಳಿನಿಂದ ಎಷ್ಟನ್ನು ಬೇಡುತ್ತಿತ್ತೆಂಬುದನ್ನು.

ಆಮೇಲಿನ ಕಥೆ ಕಾಗದಗಳಲ್ಲಿಲ್ಲ. ಆಗಸ್ಟ್ 12ರಂದು, ಫ್ಯಾನಿಯಿಂದ ಬಂದ ಒಂದು ಕಾಗದ ಹಂಟನ ಮನೆಯಲ್ಲಿ ಯಾರೋ ಒಡೆದು ಎರಡು ದಿನ ತಡವಾಗಿ ಕೈಸೇರಿದುದರಿಂದ ನೊಂದು, ಕೀಟ್ಸ್ ಅತ್ತು ಆ ಮನೆ ಬಿಟ್ಟನು. ನೇರವಾಗಿ ಹೋದದ್ದು ಬ್ರಾನ್ ಕುಟುಂಬದವರಲ್ಲಿಗೆ. ಯಾರನ್ನು ಶಂಕಿಸಿ ಬರೆದನೋ ಅವಳೂ ಅವಳ ತಾಯಿಯೂ ಇಟಲಿಗೆ ಹೊರಡುವವರೆಗೆ ಒಂದು ತಿಂಗಳು ಅವನ ಶುಶ್ರೂಷೆ ಮಾಡಿದರು. ಅವನ ಪ್ರಯಾಣದ ಟೋಪಿಗೆ ಒಳಗೆ ರೇಷ್ಮೆ ಹೊಲಿದವಳು, ಕೈಯಲ್ಲಿ ಹಿಡಿಯಲು ಬಿಳಿಯ ಕಾರ್ನೀಲಿಯನ್ ಕಲ್ಲನ್ನು ಕೊಟ್ಟವಳು ಫ್ಯಾನಿ. ಒಂದೇ ಸೂರಿನಡಿ ಇದ್ದ ಆ ತಿಂಗಳಿನಲ್ಲಿಯೂ, 1819ರ ವಸಂತದಂತೆ, ಪ್ರಣಯಪತ್ರವಿಲ್ಲ. ಇಟಲಿಯಿಂದ ಅವಳಿಗೆ ನೇರವಾಗಿ ಬರೆಯುವ ಶಕ್ತಿ ಅವನಲ್ಲಿ ಉಳಿಯಲಿಲ್ಲ. ಅಕ್ಟೋಬರ್ 24ರಂದು ನೇಪಲ್ಸ್ ಬಂದರಿನಿಂದ ತಾಯಿಗೆ ಬರೆದ ಕಾಗದದ ಕೊನೆಯಲ್ಲಿ ಮಗಳಿಗೆ ವಿದಾಯದ ಒಂದು ಸಾಲಿದೆ. 1821ರ ಫೆಬ್ರವರಿ 23ರಂದು ಅವನು ರೋಮಿನಲ್ಲಿ ಸತ್ತನು.

ಫ್ಯಾನಿಯ ದನಿ ಲೋಕಕ್ಕೆ ಕೇಳಿಸಿದ್ದು 1936ರಲ್ಲಿ. ಕವಿಯ ತಂಗಿ ಫ್ಯಾನಿ ಕೀಟ್ಸಳಿಗೆ ಆಕೆ 1820ರಿಂದ 1824ರವರೆಗೆ ಬರೆದ ಮೂವತ್ತೊಂದು ಕಾಗದಗಳು ಆ ವರ್ಷ ಪುಸ್ತಕವಾದವು. ಅವುಗಳಲ್ಲಿ ಉಡುಪಿನ ಮಾತಿದೆ, ಓದಿದ ಪುಸ್ತಕಗಳ ಮಾತಿದೆ, ಹಾಸ್ಯವಿದೆ. ಸತ್ತವನನ್ನು ಕುರಿತು ಬರೆಯುವಾಗ ಹೆಚ್ಚಾಗಿ ಮಿತವಾದ, ಅಳತೆಯಿಟ್ಟ ವಾಕ್ಯಗಳಿವೆ. ಆರ್ನಾಲ್ಡನು ಬಯಸಿದ ಸಂಯಮ ಆ ಪ್ರೇಮದಲ್ಲಿ ಯಾರ ಪಾಲಿಗಿತ್ತೆಂಬುದು ಅವನ್ನು ಓದಿದವರಿಗೆ ತಿಳಿಯುತ್ತದೆ. 1952ರಲ್ಲಿ ಜೋನ್ನಾ ರಿಚರ್ಡ್‌ಸನ್ ಆಕೆಯ ಜೀವನಚರಿತ್ರೆ ಬರೆದಳು. ಹೈಡರ್ ರಾಲಿನ್ಸ್ 1958ರಲ್ಲಿ ಎರಡು ಸಂಪುಟಗಳಲ್ಲಿ ಹೊರತಂದ ಕೀಟ್ಸನ ಸಮಗ್ರ ಪತ್ರಗಳಲ್ಲಿ ಪ್ರಣಯಪತ್ರಗಳು ಇತರ ಕಾಗದಗಳ ನಡುವೆ ತಮ್ಮ ತಮ್ಮ ದಿನದ ಸ್ಥಾನಕ್ಕೆ ಮರಳಿದವು. ಹಾಗೆ ಓದಿದಾಗಲೇ, ತಮ್ಮನಿಗೂ ತಂಗಿಗೂ ಬರೆದ ಹಾಸ್ಯದ, ಲೋಕಾಭಿರಾಮದ ಕಾಗದಗಳ ಪಕ್ಕದಲ್ಲಿ, ಅವುಗಳ ತೂಕ ಸರಿಯಾಗಿ ಗೊತ್ತಾಗುವುದು.

ಈ ಕಾಗದಗಳನ್ನು ಕನ್ನಡಕ್ಕೆ ತರಬೇಕೆಂದು ಮನಸ್ಸು ಮಾಡುವವರು ಫೋರ್ಮನ್ನನ ದಾರಿಯನ್ನು ಬಿಟ್ಟು ರಾಲಿನ್ಸನ ದಾರಿ ಹಿಡಿಯುವುದು ಲೇಸು; ಫ್ಯಾನಿಯ ಮೂವತ್ತೊಂದು ಕಾಗದಗಳಲ್ಲಿ ಕೆಲವನ್ನಾದರೂ ಅದೇ ಸಂಪುಟದಲ್ಲಿ ಸೇರಿಸುವುದು ಇನ್ನೂ ಲೇಸು. ಅವರಿಗೆ ಒಂದು ಸಣ್ಣ ತೊಡಕು ಎದುರಾಗುತ್ತದೆ. ಇಂಗ್ಲಿಷಿನ ಮಧ್ಯಮಪುರುಷ ಸರ್ವನಾಮ ಒಂದೇ. ಕನ್ನಡದಲ್ಲಿ ನೀನು, ನೀವು ಎರಡಿವೆ. ಷಾಂಕ್ಲಿನ್ನಿನ ಕಾಗದಗಳಿಗೂ ದಿಂಬಿನ ಕೆಳಗಿನ ಚೀಟಿಗಳಿಗೂ ನೀನು ಸಲ್ಲುತ್ತದೆ. ಸುತ್ತಿಗೆಯ ಏಟಿನ ಆ ವಿಂಚೆಸ್ಟರ್ ಕಾಗದಕ್ಕೂ ಅದೇ ಸಾಕು, ಏಕೆಂದರೆ ಅಲ್ಲಿಯ ಗಡಸುತನ ದೂರದ್ದಲ್ಲ. ಕೆಂಟಿಷ್ ಟೌನಿನ ಕೆಲವು ಕಡೆಗಳಲ್ಲಿ ಮಾತ್ರ ಅನುವಾದಕನ ಲೇಖನಿ ನೀವು ಎಂದು ಬರೆಯಲು ತವಕಿಸೀತು. ನಮ್ಮಲ್ಲಿ ಮುನಿಸು ಬಹುವಚನವನ್ನು ತರುವುದುಂಟು. ಅಲ್ಲಿ ಕೈ ತಡೆಯಬೇಕು. ಎಷ್ಟು ಕಠಿಣವಾಗಿ ನುಡಿದರೂ ಆ ಐದು ಕಾಗದಗಳಲ್ಲಿ ಕವಿ ಅವಳನ್ನು ಪರಕೀಯಳನ್ನಾಗಿ ಮಾಡಿಕೊಂಡ ಒಂದು ವಾಕ್ಯವೂ ಇಲ್ಲ.